ಡಚ್ ಪ್ರಜೆಯಾಗಲು ಕಲಿಸುವ ತರಗತಿ: ಇನ್‌ಬುರ್ಗರಿಂಗ್ ಕೋರ್ಸು ಮತ್ತು ಪರೀಕ್ಷೆಯ ವಿಮರ್ಶೆ

ನೆದರ್ಲೆಂಡ್ಸ್‌ಗೆ ಕೆಲಸದ ನಿಮಿತ್ತ ಬಂದು ನೆಲೆ ನಿಂತ ಕನ್ನಡಿಗರು ಒಂದೆಡೆ ಸೇರಿದಾಗ, ಪೌರತ್ವಕ್ಕೆ ಅರ್ಜಿ ಹಾಕಬಹುದಾದ ಐದನೆಯ ವರ್ಷ ಸಮೀಪಿಸುತ್ತಿರುವವರನ್ನು ಉಳಿದವರು ಕೇಳುವ ಮೊದಲ ಪ್ರಶ್ನೆ ‘ಇನ್‌ಬುರ್ಗರಿಂಗ್ ಮುಗಿಯಿತೇ?’ ಎಂಬುದು. ಡಚ್ ಭಾಷೆಯಲ್ಲಿ ‘ಬುರ್ಗರ್’ ಎಂದರೆ ಪೌರ. ಹೊರಗಿನಿಂದ ಬಂದವರನ್ನು ಪೌರಸಮಾಜದೊಳಗೆ ಬೆರೆಸಿಕೊಳ್ಳುವ ಕ್ರಿಯೆಗೆ ಇನ್‌ಬುರ್ಗರಿಂಗ್ ಎಂದು ಹೆಸರು. ನಾನು 2021ರ ಶರತ್ಕಾಲದಲ್ಲಿ ಒಂದು ಖಾಸಗಿ ಭಾಷಾಶಾಲೆಯ ಸಂಜೆ ತರಗತಿಗೆ ಸೇರಿ, 2022ರಲ್ಲಿ ಪರೀಕ್ಷೆಗಳನ್ನು ಮುಗಿಸಿ, 2023ರ ಸೆಪ್ಟೆಂಬರ್‌ನಲ್ಲಿ ಪ್ರಮಾಣವಚನ ಸ್ವೀಕರಿಸಿದೆ. ಈ ಎರಡು ವರ್ಷಗಳಲ್ಲಿ ಹಣ ಕೊಟ್ಟು ಪಡೆದ ಸೇವೆ ಹೇಗಿತ್ತು, ಯಾವ ಭಾಗ ಹಣಕ್ಕೆ ತಕ್ಕದ್ದಾಗಿತ್ತು, ಯಾವುದು ಆಗಿರಲಿಲ್ಲ ಎಂಬುದನ್ನು ಈ ದಾರಿಯಲ್ಲಿ ಹೊರಡಲಿರುವವರಿಗೆ ತಿಳಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಶಾಲೆಯ ಹೆಸರನ್ನು ಹೇಳುವುದಿಲ್ಲ; ನಾನು ಕಂಡ ಕೊರತೆ ಆ ಒಂದು ಶಾಲೆಯದಷ್ಟೇ ಅಲ್ಲ, ಪಠ್ಯದ ಸ್ವರೂಪದಲ್ಲಿಯೇ ಅದು ಇದೆ ಎಂದು ನನಗೆ ಅನ್ನಿಸಿದೆ.

ಮೊದಲಿಗೆ ಒಂದು ವಿವರ. ‘ಕೆನ್ನಿಸ್‌ಮಿಖ್ರಾಂಟ್’, ಅಂದರೆ ಪರಿಣತ ಉದ್ಯೋಗಿ ಎಂಬ ಪರವಾನಗಿಯ ಮೇಲೆ ಬಂದವರಿಗೆ ಇನ್‌ಬುರ್ಗರಿಂಗ್ ಕಡ್ಡಾಯವಲ್ಲ. ಆದರೆ ಶಾಶ್ವತ ವಾಸದ ಪರವಾನಗಿ ಅಥವಾ ಪೌರತ್ವ ಬೇಕೆಂದರೆ ಈ ಪರೀಕ್ಷೆಯ ಪ್ರಮಾಣಪತ್ರ ಇಲ್ಲದೆ ನಡೆಯುವುದಿಲ್ಲ. ನಿರಾಶ್ರಿತರಿಗೂ, ಸಂಗಾತಿಯನ್ನು ಸೇರಲು ಬಂದ ಹಲವರಿಗೂ ಇದು ಕಾನೂನಿನ ಕಟ್ಟಳೆ. ಹೀಗಾಗಿ ನನ್ನ ತರಗತಿಯಲ್ಲಿ ಎರಡು ಬಗೆಯವರಿದ್ದರು: ಬೇಕೆಂದು ಬಂದ ನನ್ನಂಥವರು, ಮತ್ತು ಕಾನೂನಿನ ಗಡುವು ತಲೆಯ ಮೇಲೆ ತೂಗುತ್ತಿದ್ದವರು. ಸಿರಿಯಾದಲ್ಲಿ ಔಷಧಾಲಯ ನಡೆಸಿದ್ದ ಒಬ್ಬರು, ಎರಿಟ್ರಿಯಾದಿಂದ ಬಂದ ಒಬ್ಬ ತರುಣ, ಬ್ರೆಜಿಲ್‌ನ ಒಬ್ಬ ಗೃಹಿಣಿ ನನ್ನ ಸಾಲಿನಲ್ಲಿಯೇ ಕುಳಿತಿದ್ದರು. ನಾನು ಅನುತ್ತೀರ್ಣನಾದರೆ ನನಗೆ ಆಗುವುದು ಬೇಸರ ಮಾತ್ರ. ಆ ತರುಣನಿಗೆ ಅದು ದಂಡ ಮತ್ತು ಸಾಲದ ಪ್ರಶ್ನೆಯಾಗಿತ್ತು.

ಈ ಸಾಲದ ಹಿನ್ನೆಲೆಯನ್ನು ತಿಳಿಯದೆ ಶಾಲೆಗಳ ಗುಣಮಟ್ಟವನ್ನು ಅಳೆಯಲಾಗದು. ಹೊಸಬರನ್ನು ಒಳಗೊಳ್ಳುವ ಮೊದಲ ಕಾನೂನು 1998ರಲ್ಲಿ ಬಂತು. 2007ರಲ್ಲಿ ಪರೀಕ್ಷೆಯಲ್ಲಿ ಉತ್ತೀರ್ಣರಾಗುವುದೇ ಕಡ್ಡಾಯವಾಯಿತು. 2013ರಿಂದ ಸರ್ಕಾರ ಕೈ ಹಿಂತೆಗೆದುಕೊಂಡು, ಶಾಲೆಯನ್ನು ಹುಡುಕುವುದು, ಹಣ ಹೊಂದಿಸುವುದು ಎಲ್ಲವೂ ವಲಸಿಗರ ಹೊಣೆ ಎಂದಿತು. ಡ್ಯುವೊ ಎಂಬ ಸರ್ಕಾರಿ ಸಂಸ್ಥೆಯಿಂದ 10,000 ಯೂರೋವರೆಗೆ ಸಾಲ ಸಿಗುತ್ತಿತ್ತು. ನಿರಾಶ್ರಿತರು ಗಡುವಿನೊಳಗೆ ಉತ್ತೀರ್ಣರಾದರೆ ಮನ್ನಾ, ಇಲ್ಲವಾದರೆ ಹಿಂದಿರುಗಿಸಬೇಕು. ಭಾಷೆಯೇ ಬಾರದವರು ಆ ಭಾಷೆಯಲ್ಲಿಯೇ ಇರುವ ಒಪ್ಪಂದ ಓದಿ ಒಳ್ಳೆಯ ಶಾಲೆ ಯಾವುದು, ಕೆಟ್ಟದ್ದು ಯಾವುದು ಎಂದು ಆರಿಸಬೇಕಾಗಿತ್ತು. ಫಲಿತಾಂಶ ಕುಸಿದಿದೆ ಎಂದು ದೇಶದ ಲೆಕ್ಕಪರಿಶೋಧನಾ ಸಂಸ್ಥೆಯೇ 2017ರಲ್ಲಿ ವರದಿ ಕೊಟ್ಟಿತು. ಕೊನೆಗೆ 2022ರ ಜನವರಿಯಿಂದ ಜಾರಿಗೆ ಬಂದ ಹೊಸ ಕಾನೂನು ಹೊಣೆಯನ್ನು ನಗರಸಭೆಗಳಿಗೆ ಮರಳಿಸಿತು ಮತ್ತು ಕಡ್ಡಾಯವಾಗಿ ಕಲಿಯುವವರ ಭಾಷಾಮಟ್ಟದ ಗುರಿಯನ್ನು ಎ2 ಎಂಬ ಆರಂಭಿಕ ಹಂತದಿಂದ ಬಿ1 ಎಂಬ ಮಧ್ಯಮ ಹಂತಕ್ಕೆ ಏರಿಸಿತು. ಎರಿಟ್ರಿಯಾದ ಒಬ್ಬ ನಿರಾಶ್ರಿತರ ಪ್ರಕರಣದಲ್ಲಿ, ಹೀಗೆ ಇಡೀ ವೆಚ್ಚವನ್ನು ನಿರಾಶ್ರಿತರ ತಲೆಗೆ ಕಟ್ಟುವುದೂ ಅನುತ್ತೀರ್ಣರಾದವರಿಗೆಲ್ಲ ದಂಡ ಹಾಕುವುದೂ ಯುರೋಪಿನ ಕಾನೂನಿಗೆ ಒಪ್ಪುವುದಿಲ್ಲವೆಂದು ಯುರೋಪಿಯನ್ ನ್ಯಾಯಾಲಯ 2025ರ ಫೆಬ್ರವರಿಯಲ್ಲಿ ಹೇಳಿದಾಗ, ನನಗೆ ನೆನಪಾದದ್ದು ಮೂರನೆಯ ಬೆಂಚಿನಲ್ಲಿ ಕುಳಿತು ಕ್ರಿಯಾಪದಗಳನ್ನು ಬೆರಳಲ್ಲಿ ಎಣಿಸುತ್ತಿದ್ದ ಆ ತರುಣ.

ಇನ್ನು ಭಾಷೆಯ ಪಾಠ. ವಾರಕ್ಕೆ ಎರಡು ಸಂಜೆ, ತಲಾ ಎರಡೂವರೆ ಗಂಟೆ. ಡಿಸೆಂಬರ್‌ನ ಲಾಕ್‌ಡೌನ್‌ನಲ್ಲಿ ಕೆಲವು ವಾರ ಆನ್‌ಲೈನ್ ಆಯಿತು; ಅದರ ಬಗ್ಗೆ ದೂರಿಲ್ಲ. ದೂರಿರುವುದು ಶಿಕ್ಷಕರ ಬದಲಾವಣೆಯ ಬಗ್ಗೆ. ಒಂದೇ ಅವಧಿಯಲ್ಲಿ ಮೂವರು ಬಂದು ಹೋದರು, ಬಂದವರೆಲ್ಲ ‘ಡೆ’ ಮತ್ತು ‘ಹೆಟ್’ ಎಂಬ ಉಪಪದಗಳ ಪಾಠದಿಂದಲೇ ಮತ್ತೆ ಶುರುಮಾಡಿದರು. ನಮ್ಮಂಥವರಿಗೆ ಡಚ್ ಭಾಷೆಯಲ್ಲಿ ಒಂದು ದೊಡ್ಡ ಅನುಕೂಲವಿದೆ, ಅದನ್ನು ಯಾವ ಪಠ್ಯಪುಸ್ತಕವೂ ಹೇಳಿಕೊಡಲಿಲ್ಲ. ಉಪವಾಕ್ಯ ಬಂದಾಗ ಡಚ್ ಕ್ರಿಯಾಪದ ನಮ್ಮ ಕನ್ನಡದಂತೆಯೇ ಕೊನೆಗೆ ಹೋಗಿ ನಿಲ್ಲುತ್ತದೆ. ‘ಓಮ್‌ಡಾಟ್ ಇಕ್ ಝೀಕ್ ಬೆನ್’ ಎಂಬುದರಲ್ಲಿ ‘ಇಕ್’ ಎಂದರೆ ನಾನು, ‘ಝೀಕ್’ ಎಂದರೆ ಕಾಯಿಲೆ, ‘ಬೆನ್’ ಎಂದರೆ ಇದ್ದೇನೆ. ‘ಏಕೆಂದರೆ ನಾನು ಕಾಯಿಲೆಯಾಗಿದ್ದೇನೆ’ ಎಂದು ಪದಕ್ಕೆ ಪದ ಹೊಂದಿಸಿಕೊಂಡರೆ ವಾಕ್ಯ ತಾನಾಗಿ ಕುಳಿತುಕೊಳ್ಳುತ್ತದೆ. ಇಂಗ್ಲಿಷಿನ ಮೂಲಕ ಡಚ್ ಕಲಿಯಲು ಹೊರಟು ಎರಡು ತಿಂಗಳು ಒದ್ದಾಡಿದ ನಾನು, ಒಂದು ರಾತ್ರಿ ಮನೆಪಾಠ ಬರೆಯುವಾಗ ಇದನ್ನು ಗಮನಿಸಿದ ಮೇಲೆ ದೀರ್ಘ ವಾಕ್ಯಗಳ ಭಯ ಬಿಟ್ಟೆ. ಕಲಿಯಲಿರುವ ಕನ್ನಡಿಗರು ಉಪವಾಕ್ಯ ಬಂದಲ್ಲೆಲ್ಲ ಕನ್ನಡದಲ್ಲಿಯೇ ಯೋಚಿಸಲಿ ಎಂಬುದು ನನ್ನ ಖಚಿತವಾದ ಸಲಹೆ.

ಪರೀಕ್ಷೆಯ ವ್ಯವಸ್ಥೆಯ ಬಗ್ಗೆ ಒಳ್ಳೆಯ ಮಾತನ್ನೇ ಆಡಬೇಕು. ಆಗ ಓದುವುದು, ಕೇಳುವುದು, ಬರೆಯುವುದು ತಲಾ 50 ಯೂರೋ, ಮಾತನಾಡುವುದು 60, ಸಮಾಜಜ್ಞಾನ 40. ನಾನು ಕಟ್ಟಿದ್ದು ಒಟ್ಟು 250 ಯೂರೋ. ನನ್ನ ಕೇಂದ್ರ ರೈಸ್‌ವೈಕ್‌ನಲ್ಲಿತ್ತು. ಗುರುತಿನ ಚೀಟಿ ನೋಡಿ, ಲಾಕರ್‌ನಲ್ಲಿ ಫೋನು ಇಡಿಸಿ, ಯಾರನ್ನೂ ಗದರಿಸದೆ ಕಂಪ್ಯೂಟರ್‌ನ ಮುಂದೆ ಕೂರಿಸುತ್ತಾರೆ. ಮಾತಿನ ಪರೀಕ್ಷೆಯಲ್ಲಿ ಎದುರಿಗೆ ಮನುಷ್ಯರಿರುವುದಿಲ್ಲ. ತೆರೆಯ ಮೇಲೆ ಒಬ್ಬರು ಪ್ರಶ್ನೆ ಕೇಳುತ್ತಾರೆ, ನಾವು ಮೈಕಿಗೆ ಉತ್ತರಿಸಬೇಕು. ಕೋಣೆಯಲ್ಲಿರುವ ಎಲ್ಲರೂ ಒಟ್ಟಿಗೆ ಮಾತನಾಡುತ್ತಿರುತ್ತಾರೆ. ಬಿಡುವಿನ ವೇಳೆಯಲ್ಲಿ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಪಕ್ಕದವರು ಗಟ್ಟಿಯಾಗಿ ಸೈಕಲ್ ಹೊಡೆಯುತ್ತೇನೆ ಎಂದಾಗ, ನಾನು ಸಿದ್ಧಪಡಿಸಿಕೊಂಡಿದ್ದ ವಾಕ್ಯ ಬಾಯಿಂದ ಹಾರಿಹೋಗಿ ನಾನೂ ಸೈಕಲ್ ಎಂದೇ ಹೇಳಿದೆ. ಹೆಡ್‌ಫೋನಿನಲ್ಲಿ ಇಂಥ ಗದ್ದಲವನ್ನೇ ಹಾಕಿಕೊಂಡು ಮನೆಯಲ್ಲಿ ಅಭ್ಯಾಸ ಮಾಡುವುದು ಒಳ್ಳೆಯದು.

ನನ್ನ ಮನಸ್ಸಿಗೆ ನಾಟಿದ, ಈ ವಿಮರ್ಶೆಗೆ ಕಾರಣವೂ ಆದ ಭಾಗವೆಂದರೆ ಸಮಾಜಜ್ಞಾನದ ಪಾಠ. ಇದನ್ನು ಎಲ್ಲರೂ ಕೆ.ಎನ್.ಎಂ. ಎನ್ನುತ್ತಾರೆ. ಉದ್ಯೋಗ, ವಸತಿ, ಆರೋಗ್ಯ, ಶಿಕ್ಷಣ, ಕಚೇರಿಗಳು, ರಾಜ್ಯವ್ಯವಸ್ಥೆ, ಇತಿಹಾಸ ಮತ್ತು ಭೂಗೋಳ, ನಡೆನುಡಿ ಮತ್ತು ಮೌಲ್ಯಗಳು ಎಂಬ ಎಂಟು ವಿಷಯಗಳಿವೆ. ಇವುಗಳಲ್ಲಿ ದಿನಬಳಕೆಯ ಪಾಠಗಳು ನಿಜಕ್ಕೂ ಉಪಯುಕ್ತ. ಜ್ವರ ಬಂದರೆ ಆಸ್ಪತ್ರೆಗೆ ಓಡುವಂತಿಲ್ಲ, ಮೊದಲು ಹೌಸ್‌ಆರ್ಟ್ಸ್ ಎಂಬ ಕುಟುಂಬ ವೈದ್ಯರಿಗೆ ಕರೆ ಮಾಡಬೇಕು. ಹುಟ್ಟುಹಬ್ಬದ ಮನೆಗೆ ಹೋದರೆ ಹುಟ್ಟಿದವರಿಗಷ್ಟೇ ಅಲ್ಲ, ಸುತ್ತ ಕುಳಿತ ಅವರ ತಾಯಿ, ಅತ್ತೆ, ನೆರೆಯವರಿಗೆಲ್ಲ ಕೈಕುಲುಕಿ ಅಭಿನಂದನೆ ಹೇಳಬೇಕು. ಮಗು ಹುಟ್ಟಿದ ಮನೆಯಲ್ಲಿ ಒಣ ಬಿಸ್ಕತ್ತಿನ ಮೇಲೆ ಬೆಣ್ಣೆ ಸವರಿ, ಸಕ್ಕರೆ ಮೆತ್ತಿದ ಸೋಂಪುಕಾಳು ಉದುರಿಸಿ ಕೊಡುತ್ತಾರೆ. ಇವನ್ನೆಲ್ಲ ಯಾರೂ ಹೇಳಿಕೊಡದೆ ಹತ್ತು ವರ್ಷ ಇಲ್ಲಿದ್ದರೂ ಮುಜುಗರ ಪಡುತ್ತಲೇ ಇರುವವರನ್ನು ನಾನು ಬಲ್ಲೆ.

ಆದರೆ ಡಚ್ಚತನ ಎಂದರೇನು ಎಂಬಲ್ಲಿಗೆ ಬಂದಾಗ ಪಠ್ಯ ಅದನ್ನು ಸಿದ್ಧವಸ್ತುವಿನಂತೆ ಕೈಗಿಡುತ್ತದೆ. ಸ್ವಾತಂತ್ರ್ಯ, ಸಮಾನತೆ, ಐಕಮತ್ಯ ಎಂದು ಮೂರು ಪದಗಳು, ಅದರ ಕೆಳಗೆ ಸರಿ ಉತ್ತರ ಯಾವುದೆಂದು ಗುರುತು ಹಾಕುವ ಚೌಕ. ಮೌಲ್ಯಗಳ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಎಲ್ಲರನ್ನೂ ಸಮಾನವಾಗಿ ಕಾಣಬೇಕೆನ್ನುವ ಡಚ್ ಸಂವಿಧಾನದ ಒಂದನೆಯ ವಿಧಿಯನ್ನು ಮೊದಲ ಬಾರಿ ಡಚ್ ಭಾಷೆಯಲ್ಲಿಯೇ ಓದಿದ ದಿನ ನನಗೆ ರೋಮಾಂಚನವಾಗಿತ್ತು. ತಕರಾರು ಇರುವುದು ಪಾಠ ಮರೆಮಾಡುವ ಸಂಗತಿಯ ಬಗ್ಗೆ. ತಾನು ಯಾರು ಎಂದು ಈ ದೇಶ ತನ್ನೊಳಗೆ ತಾನೇ ಇಪ್ಪತ್ತೈದು ವರ್ಷಗಳಿಂದ ಜಗಳವಾಡುತ್ತಿದೆ. ಲೇಖಕ ಪಾಲ್ ಶೆಫರ್ ಅವರು 2000ದ ಜನವರಿಯಲ್ಲಿ ‘ಎನ್‌ಆರ್‌ಸಿ’ ಪತ್ರಿಕೆಯಲ್ಲಿ ಬಹುಸಂಸ್ಕೃತಿಯ ದುರಂತದ ಬಗ್ಗೆ ಬರೆದ ಪ್ರಬಂಧ, 2002ರಲ್ಲಿ ರಾಜಕಾರಣಿ ಪಿಮ್ ಫೋರ್ಟೌನ್ ಅವರ ಹತ್ಯೆ, 2004ರಲ್ಲಿ ಚಲನಚಿತ್ರ ನಿರ್ದೇಶಕ ಥಿಯೋ ವಾನ್ ಗೋಖ್ ಅವರ ಹತ್ಯೆ, 2006ರಲ್ಲಿ ಸಂಸದೆ ಆಯಾನ್ ಹಿರ್ಸಿ ಅಲಿ ಅವರ ಪೌರತ್ವವೇ ಪ್ರಶ್ನೆಗೊಳಗಾಗಿ ಕೊನೆಗೆ ಸರ್ಕಾರವೇ ಉರುಳಿದ್ದು, ಸಿಂಟರ್‌ಕ್ಲಾಸ್ ಹಬ್ಬದ ಕಪ್ಪು ಬಳಿದ ಮುಖದ ಸೇವಕನ ಬಗ್ಗೆ ಬೀದಿಯಲ್ಲಿ ನಡೆದ ಹೋರಾಟ, ಇವ್ಯಾವುವೂ ನಮ್ಮ ತರಗತಿಯ ಬಾಗಿಲು ದಾಟಲಿಲ್ಲ. ನಾವು ಪರೀಕ್ಷೆ ಕಟ್ಟುತ್ತಿದ್ದ ವ್ಯವಸ್ಥೆ ಹುಟ್ಟಿ ಬೆಳೆದದ್ದೇ ಈ ಜಗಳದ ನಡುವೆ ಎಂಬುದೂ ನಮಗೆ ತಿಳಿಯದೇ ಉಳಿಯುತ್ತಿತ್ತು.

ಒಂದು ಸಂಜೆ ಎರಿಟ್ರಿಯಾದ ತರುಣ ಕೈ ಎತ್ತಿ, ಮಕ್ಕಳ ಆರೈಕೆ ಭತ್ಯೆಯ ಹಗರಣ ಎಂದರೇನು ಎಂದು ಕೇಳಿದ. 2021ರ ಜನವರಿಯಲ್ಲಿ ಅಂದಿನ ಪ್ರಧಾನಿ ರುಟ್ಟೆ ಅವರ ಸರ್ಕಾರ ರಾಜೀನಾಮೆ ಕೊಟ್ಟದ್ದು ಅದೇ ಕಾರಣಕ್ಕೆ. ಸಾವಿರಾರು ಹೆತ್ತವರನ್ನು ತೆರಿಗೆ ಇಲಾಖೆ ತಪ್ಪಾಗಿ ವಂಚಕರೆಂದು ಕಂಡು ಭತ್ಯೆ ಹಿಂದಕ್ಕೆ ಕೇಳಿತ್ತು. ಇಲಾಖೆ ಪೌರತ್ವದ ಮಾಹಿತಿಯನ್ನು ಕಾನೂನುಬಾಹಿರವಾಗಿ, ತಾರತಮ್ಯ ಮಾಡುವಂತೆ ಬಳಸಿತ್ತೆಂದು ಮಾಹಿತಿ ಸಂರಕ್ಷಣಾ ಪ್ರಾಧಿಕಾರ 2020ರಲ್ಲಿ ತೀರ್ಮಾನಿಸಿತ್ತು. ಪೌರನಾಗಲು ಹೊರಟವನಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಬೇರೆ ಇಲ್ಲ. ಅಂದಿನ ಶಿಕ್ಷಕರು ಸೌಮ್ಯವಾಗಿಯೇ ‘ಅದು ಪರೀಕ್ಷೆಗೆ ಬರುವುದಿಲ್ಲ’ ಎಂದು ಮುಂದಿನ ಸ್ಲೈಡಿಗೆ ಹೋದರು. ತರುಣ ಪುಸ್ತಕದ ಅಂಚಿನಲ್ಲಿ ಬರೆದುಕೊಂಡಿದ್ದ ಪ್ರಶ್ನೆಯನ್ನು ಪೆನ್ಸಿಲ್‌ನಿಂದ ನಿಧಾನವಾಗಿ ಹೊಡೆದುಹಾಕಿದ್ದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದೆ.

ಆ ಶಾಲೆಗೆ ನಾನು ಕೊಟ್ಟ ಹಣ ಸಾರ್ಥಕವಾದದ್ದು ಫೆಬ್ರವರಿಯ ಒಂದೇ ಒಂದು ಗಂಟೆಯಲ್ಲಿ. ಅಂದು ಬದಲಿಯಾಗಿ ಬಂದ ಶಿಕ್ಷಕಿ, ದಕ್ಷಿಣ ಅಮೆರಿಕದಲ್ಲಿ ಹಿಂದೆ ಡಚ್ಚರ ವಸಾಹತಾಗಿದ್ದ ಸುರಿನಾಮ್ ಮೂಲದವರು, ಭಾರತದಿಂದ ಅಲ್ಲಿಗೆ ಹೋದ ಹಿಂದೂಸ್ತಾನಿ ಮನೆತನದವರು. ಅವರು ಪುಸ್ತಕ ಮುಚ್ಚಿಸಿ, ಬೋರ್ಡಿನ ಮೇಲೆ 1873 ಎಂದು ಬರೆದರು. ಆ ವರ್ಷದ ಜೂನ್‌ನಲ್ಲಿ ‘ಲಲ್ಲಾ ರೂಖ್’ ಎಂಬ ಹಡಗು ಕಲ್ಕತ್ತೆಯಿಂದ ಸುರಿನಾಮ್‌ಗೆ 399 ಜನರನ್ನು ಕೂಲಿಗಳಾಗಿ ತಲುಪಿಸಿತು. 1975ರ ನವೆಂಬರ್‌ನಲ್ಲಿ ಸುರಿನಾಮ್ ಸ್ವತಂತ್ರವಾದಾಗ, ಅಲ್ಲಿದ್ದವರು ಯಾವ ಪೌರತ್ವ ಉಳಿಸಿಕೊಳ್ಳಬೇಕೆಂಬ ಪ್ರಶ್ನೆ ಎದ್ದು, ಆಸುಪಾಸಿನ ವರ್ಷಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ಜನ ಇಲ್ಲಿಗೆ ಬಂದರು; ಇಂದು ಹೇಗ್ ನಗರದಲ್ಲಿ ಅವರ ಸಂತತಿ ದೊಡ್ಡದು. ‘ನನ್ನ ಅಜ್ಜಿ ಹುಟ್ಟಿನಿಂದ ಡಚ್ ಪ್ರಜೆ, ನಾನು ಹುಟ್ಟಿದ್ದು ಇಲ್ಲಿಯೇ, ಆದರೂ ನೀವು ನಿಜವಾಗಿ ಎಲ್ಲಿಯವರು ಎಂದು ನನ್ನನ್ನು ಇಂದಿಗೂ ಕೇಳುತ್ತಾರೆ’ ಎಂದು ಅವರು ಹೇಳಿದಾಗ ತರಗತಿಯಲ್ಲಿ ಯಾರೂ ಮಾತನಾಡಲಿಲ್ಲ.

ಆಮೇಲೆ ಅವರು ಎರಡು ಚಿತ್ರಗಳನ್ನು ತೆರೆಯ ಮೇಲೆ ಅಕ್ಕಪಕ್ಕ ತೋರಿಸಿದರು. ಒಂದು ಅಹ್ಮದ್ ಅಬೂತಾಲೆಬ್ ಅವರದು. 2007ರಲ್ಲಿ ಅವರು ರಾಜ್ಯ ಸಚಿವರಾದಾಗ, ಮೊರಾಕೊದ ಪೌರತ್ವವನ್ನೂ ಹೊಂದಿರುವವರು ಸರ್ಕಾರದಲ್ಲಿ ಇರಬಾರದೆಂದು ವಲಸೆ ವಿರೋಧಿ ರಾಜಕಾರಣಿ ಗೀರ್ಟ್ ವಿಲ್ಡರ್ಸ್ ಅವರ ಪಕ್ಷ ಆಕ್ಷೇಪಿಸಿತು. ಮೊರಾಕೊದ ಪೌರತ್ವವನ್ನು ಬಿಡುವುದು ಕಾರ್ಯತಃ ಸಾಧ್ಯವಿಲ್ಲ; ಅದು ಅಬೂತಾಲೆಬ್ ಅವರ ಕೈಯಲ್ಲಿರುವ ಮಾತಾಗಿರಲಿಲ್ಲ. ಇನ್ನೊಂದು ಚಿತ್ರ ಅರ್ಜೆಂಟೀನಾದಲ್ಲಿ ಹುಟ್ಟಿದ, ಆ ಪೌರತ್ವವನ್ನು ಅದೇ ಕಾರಣಕ್ಕೆ ಬಿಡಲಾಗದ ಮಾಕ್ಸಿಮಾ ಅವರದು. ಅಂದು ರಾಜಕುಮಾರಿ, ಈಗ ರಾಣಿ. ಅದೇ 2007ರ ಸೆಪ್ಟೆಂಬರ್‌ನಲ್ಲಿ ಅವರು ಒಂದು ಭಾಷಣದಲ್ಲಿ, ತಾನು ಏಳು ವರ್ಷ ಹುಡುಕಿದರೂ ‘ಡಚ್ ಮನುಷ್ಯ’ ಎಂಬ ಒಂದೇ ಅಚ್ಚು ಸಿಗಲಿಲ್ಲ ಎಂಬರ್ಥದ ಮಾತನಾಡಿದರು. ಪರದೆಯಿಲ್ಲದ ದೊಡ್ಡ ಕಿಟಕಿಗಳೂ ಈ ದೇಶವೇ, ಖಾಸಗಿತನದ ಮೇಲಿನ ಪ್ರೀತಿಯೂ ಈ ದೇಶವೇ; ಚಹಾದ ಜೊತೆ ಒಂದೇ ಬಿಸ್ಕತ್ತು ಕೊಡುವುದೂ, ಅಪಾರ ಆತಿಥ್ಯವೂ ಇಲ್ಲಿಯವೇ ಎಂದರು. ಆ ಮಾತಿಗೆ ದೇಶದಾದ್ಯಂತ ಎದ್ದ ಕೋಪ ಸಣ್ಣದಲ್ಲ. ಹೆತ್ತವರಲ್ಲಿ ಒಬ್ಬರು ಹೊರದೇಶದಲ್ಲಿ ಹುಟ್ಟಿದ್ದರೂ ‘ಅಲ್ಲೊಖ್ತೋನ್’ ಎಂದು ಅಂಕಿಅಂಶ ಇಲಾಖೆ 2016ರವರೆಗೆ ಬಳಸುತ್ತಿದ್ದ ಪದದ ಪ್ರಕಾರ, ಮಾಕ್ಸಿಮಾ ಅವರ ಮಗಳು, ಈ ದೇಶದ ಮುಂದಿನ ರಾಣಿಯೂ ಹೊರಗಿನವಳೇ ಆಗುತ್ತಾಳೆ ಎಂದು ಶಿಕ್ಷಕಿ ತೋರಿಸಿಕೊಟ್ಟರು.

ಆಗ ತರಗತಿಯ ಬಾಯಿ ಬಿಚ್ಚಿತು. ಎರಡು ಪೌರತ್ವ ಇದ್ದರೆ ನಿಷ್ಠೆ ಹಂಚಿಹೋಗುತ್ತದೆಯೇ ಎಂದು ಸಿರಿಯಾದವರು ಕೇಳಿದರು. ಹಾಗಾದರೆ ಎರಡು ಮಕ್ಕಳ ತಾಯಿಯ ಪ್ರೀತಿ ಅರ್ಧ ಅರ್ಧವೇ ಎಂದು ಬ್ರೆಜಿಲ್‌ನವರು ತಿರುಗಿ ಕೇಳಿದರು. ತಪ್ಪು ವ್ಯಾಕರಣದಲ್ಲಿ, ಸಿಗದ ಪದಗಳಿಗೆ ಕೈಸನ್ನೆ ಸೇರಿಸಿ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬಿದ್ದು ನಾವು ವಾದಿಸಿದೆವು. ತರುಣ ತಾನು ಹೊಡೆದುಹಾಕಿದ್ದ ಪ್ರಶ್ನೆಯನ್ನು ಮತ್ತೆ ಕೇಳಿದ; ಶಿಕ್ಷಕಿ ಹತ್ತು ನಿಮಿಷ ಬಿಡಿಸಿ ಹೇಳಿದರು. ಅಷ್ಟು ತಿಂಗಳಲ್ಲಿ ನಾವು ಒಟ್ಟು ಆಡಿದ್ದಕ್ಕಿಂತ ಹೆಚ್ಚು ಡಚ್ ಆ ಒಂದು ಗಂಟೆಯಲ್ಲಿ ಆಡಿದೆವು ಎಂಬುದು ನನ್ನ ನಂಬಿಕೆ. ಭಾಷೆ ಕಲಿಸುವ ದೃಷ್ಟಿಯಿಂದಲೂ ಇದೇ ಸರಿಯಾದ ದಾರಿ. ಹೇಳಲೇಬೇಕಾದ ಮಾತು ಹೊಟ್ಟೆಯಲ್ಲಿದ್ದರೆ ನಾಲಿಗೆ ಹೊರಳುತ್ತದೆ. ದುರದೃಷ್ಟವೆಂದರೆ ಆ ಶಿಕ್ಷಕಿಯನ್ನು ಶಾಲೆ ಮತ್ತೆ ನಮ್ಮ ತರಗತಿಗೆ ಕಳುಹಿಸಲಿಲ್ಲ.

ಇಂಥ ಪ್ರಶ್ನೆಗಳನ್ನು ಪಾಠದೊಳಗೆ ತರುವುದು ಪಠ್ಯ ಬರೆಯುವವರಿಗೆ ಆಗದ ಕೆಲಸವಲ್ಲ. ಶಾಲಾ ಮಕ್ಕಳಿಗಾಗಿ 2006ರಲ್ಲಿ ರೂಪಿಸಿದ ‘ಕಾನೋನ್’, ಅಂದರೆ ದೇಶದ ಚರಿತ್ರೆಯ 50 ಕಿಟಕಿಗಳ ಪಟ್ಟಿಯನ್ನು, 2020ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಇತಿಹಾಸಕಾರ ಜೇಮ್ಸ್ ಕೆನಡಿ ಅವರ ಸಮಿತಿ ಪರಿಷ್ಕರಿಸಿತು. ವಸಾಹತುಶಾಹಿಯ ವಿರುದ್ಧ ಬರೆದ ಸುರಿನಾಮ್‌ನ ಆಂಟನ್ ಡೆ ಕೊಮ್ ಅವರಿಗೆ ಅದರಲ್ಲಿ ಜಾಗ ಸಿಕ್ಕಿತು. ಮಕ್ಕಳಿಗೆ ಹೇಳಬಹುದಾದದ್ದನ್ನು ಹೊಸ ಪೌರರಿಗೂ ಹೇಳಬಹುದು.

ಪೌರತ್ವದ ಅರ್ಜಿಯನ್ನು ನಗರಸಭೆಯಲ್ಲಿ ಕೊಡಬೇಕು, ಶುಲ್ಕ ನಾನು ಕಟ್ಟಿದಾಗ 900 ಯೂರೋ ಮೀರಿತ್ತು, ತೀರ್ಮಾನಕ್ಕೆ ಒಂದು ವರ್ಷದವರೆಗೂ ಕಾಯಬೇಕಾಗಬಹುದು. ಭಾರತ ದ್ವಿಪೌರತ್ವವನ್ನು ಒಪ್ಪದಿರುವುದರಿಂದ ಡಚ್ ಪೌರತ್ವ ಬಂದ ಕ್ಷಣವೇ ಭಾರತೀಯ ಪೌರತ್ವ ಹೋಗುತ್ತದೆ. ಪಾಸ್‌ಪೋರ್ಟ್ ಒಪ್ಪಿಸಿ, ಹೊರದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡಿಗೆ ಅರ್ಜಿ ಹಾಕಬೇಕು. ಇದನ್ನು ಕಾಗದಪತ್ರದ ಕೆಲಸವೆಂದು ಹಗುರವಾಗಿ ತೆಗೆದುಕೊಳ್ಳಬೇಡಿ. ಹಳೆಯ ಪಾಸ್‌ಪೋರ್ಟಿನ ಮೂಲೆ ಕತ್ತರಿಸಿ ಹಿಂದಿರುಗಿಸಿದ ದಿನ ನನಗೆ ಊಟ ಸೇರಲಿಲ್ಲ. ಪೌರತ್ವಕ್ಕೆ ಐದು ವರ್ಷದ ವಾಸ ಬೇಕೆಂಬ ನಿಯಮದ ಮೇಲೂ ಕಣ್ಣಿಟ್ಟಿರಿ. ಅದನ್ನು ಏಳಕ್ಕೆ ಏರಿಸುವ ಮಸೂದೆ 2017ರಲ್ಲಿ ಮೇಲ್ಮನೆಯಲ್ಲಿ ಬಿತ್ತು. 2024ರ ಮೇ ತಿಂಗಳಲ್ಲಿ ನಾಲ್ಕು ಪಕ್ಷಗಳ ಒಪ್ಪಂದ ಅದನ್ನು 10 ವರ್ಷ ಮಾಡುತ್ತೇವೆ ಎಂದಿತು. ಆ ಸರ್ಕಾರ 2025ರ ಜೂನ್‌ನಲ್ಲಿ ಉರುಳಿತು. ಅರ್ಜಿ ಹಾಕುವ ದಿನದ ನಿಯಮವನ್ನು ಅಂದೇ ನೋಡಿ ಖಚಿತಪಡಿಸಿಕೊಳ್ಳುವುದು ಕ್ಷೇಮ.

ಪ್ರಮಾಣವಚನದ ಸಮಾರಂಭ ನಾನು ಎಣಿಸಿದ್ದಕ್ಕಿಂತ ಚೆನ್ನಾಗಿತ್ತು. 2006ರಿಂದ ಇದಕ್ಕೆ ಹಾಜರಾಗುವುದು ಕಡ್ಡಾಯ, 2009ರಿಂದ ಪ್ರಮಾಣವಚನವೂ ಕಡ್ಡಾಯ. ರಾಜ್ಯದ ಸಾಂವಿಧಾನಿಕ ವ್ಯವಸ್ಥೆಯನ್ನೂ ಅದರ ಸ್ವಾತಂತ್ರ್ಯ, ಹಕ್ಕುಗಳನ್ನೂ ಗೌರವಿಸುತ್ತೇನೆ, ಪೌರತ್ವ ತರುವ ಕರ್ತವ್ಯಗಳನ್ನು ನಿಷ್ಠೆಯಿಂದ ಪಾಲಿಸುತ್ತೇನೆ ಎಂದು ಹೇಳಬೇಕು. ದೇವರ ಹೆಸರಿನಲ್ಲಿ ಹೇಳುವುದೋ ಬರಿಯ ವಾಗ್ದಾನವಾಗಿ ಹೇಳುವುದೋ ನಮ್ಮ ಆಯ್ಕೆ. ಆ ವಾಕ್ಯದಲ್ಲಿ ಸಂಸ್ಕೃತಿಯ ಮಾತಿಲ್ಲ, ಊಟ ಉಡುಗೆಯ ಮಾತಿಲ್ಲ. ಕಾನೂನು ಮತ್ತು ಕರ್ತವ್ಯ ಮಾತ್ರ ಇವೆ. ಇಷ್ಟು ಸ್ಪಷ್ಟವಾದ, ಇಷ್ಟು ಗೌರವದ ವಾಕ್ಯ ಇಡೀ ಕೋರ್ಸಿನಲ್ಲಿ ನನಗೆ ಸಿಕ್ಕಿರಲಿಲ್ಲ.

ಶಾಲೆ ಆರಿಸುವವರಿಗೆ ಹೇಳುವುದಿಷ್ಟು: ಹಣ ಕಟ್ಟುವ ಮೊದಲು ಒಂದು ತರಗತಿಯಲ್ಲಿ ಕುಳಿತು ನೋಡಲು ಬಿಡುತ್ತಾರೆಯೇ ಕೇಳಿ, ಶಿಕ್ಷಕರು ಅವಧಿ ಮುಗಿಯುವವರೆಗೆ ಒಬ್ಬರೇ ಇರುತ್ತಾರೆಯೇ ಕೇಳಿ, ಮತ್ತು ಅಂದು ಯಾರಾದರೂ ಪುಸ್ತಕದಲ್ಲಿಲ್ಲದ ಪ್ರಶ್ನೆ ಎತ್ತಿದರೆ ಶಿಕ್ಷಕರು ಏನು ಮಾಡುತ್ತಾರೆಂದು ಗಮನಿಸಿ. ನನ್ನ ಶಾಲೆಗೆ ಐದರಲ್ಲಿ ಎರಡು ಅಂಕ, ಪರೀಕ್ಷಾ ಕೇಂದ್ರಕ್ಕೆ ನಾಲ್ಕು, ಸಮಾರಂಭಕ್ಕೆ ನಾಲ್ಕೂವರೆ ಕೊಡುತ್ತೇನೆ. ಫೆಬ್ರವರಿಯ ಆ ಒಂದು ಗಂಟೆಗೆ ಐದಕ್ಕೆ ಐದು.

ಪ್ರಮಾಣವಚನವಾಗಿ ಎರಡು ತಿಂಗಳಿಗೆ, 2023ರ ನವೆಂಬರ್ 22ರಂದು, ನಾನು ಇಲ್ಲಿ ಮೊದಲ ಬಾರಿ ಸಂಸತ್ತಿಗೆ ಮತ ಹಾಕಿದೆ. ನಿರಾಶ್ರಿತರು ತಮ್ಮ ಕುಟುಂಬವನ್ನು ಕರೆಸಿಕೊಳ್ಳುವ ವಿಚಾರದಲ್ಲಿ ಒಮ್ಮತವಿಲ್ಲದೆ ಸರ್ಕಾರ ಬಿದ್ದು ಬಂದ ಚುನಾವಣೆ ಅದು. ಕೊನೆಗೆ ವಿಲ್ಡರ್ಸ್ ಅವರ ಪಕ್ಷ 150ರಲ್ಲಿ 37 ಸ್ಥಾನ ಗೆದ್ದು ಎಲ್ಲರಿಗಿಂತ ಮುಂದೆ ಬಂತು. ಮತಗಟ್ಟೆಯಲ್ಲಿ ಟವೆಲ್‌ನಷ್ಟು ದೊಡ್ಡ ಮತಪತ್ರವನ್ನು ಬಿಡಿಸಿ, 26 ಪಕ್ಷಗಳ ಸಾಲುಗಳ ಮೇಲೆ ಕಣ್ಣಾಡಿಸಿದೆ. ಕೆಳಮನೆಯಲ್ಲಿ 150 ಸದಸ್ಯರು ಎಂದು ಕೆ.ಎನ್.ಎಂ. ಕಲಿಸಿತ್ತು. ಆ ಪಕ್ಷಗಳು ನನ್ನ ಬಗ್ಗೆ, ನನ್ನ ಸಾಲಿನಲ್ಲಿ ಕುಳಿತಿದ್ದವರ ಬಗ್ಗೆ ಏನೆಂದು ಜಗಳವಾಡುತ್ತಿವೆ ಎಂಬುದನ್ನು ನಾನು ಕಲಿತದ್ದು ಪುಸ್ತಕ ಮುಚ್ಚಿದ ಆ ಸಂಜೆ. ದಾರಕ್ಕೆ ಕಟ್ಟಿದ್ದ ಕೆಂಪು ಪೆನ್ಸಿಲ್ ಎತ್ತಿಕೊಂಡು, ಹುಡುಕಿ, ಒಂದು ವೃತ್ತವನ್ನು ತುಂಬಿದೆ.